ತಿಂಗಳಿಗೊಂದು ವಿಷಯ, ಮೂರು ಸಿನಿಮಾ: ಗೆಳೆಯರ ಬಳಗದಲ್ಲಿ ಚಿತ್ರಚರ್ಚೆ ನಡೆಸುವುದು ಹೇಗೆ?

ಸಿನಿಮಾ ನೋಡಿ ಹೊರಬಂದ ಗೆಳೆಯರ ಮಾತು ಬಹುತೇಕ ‘ಚೆನ್ನಾಗಿತ್ತು’ ಅಥವಾ ‘ಚೆನ್ನಾಗಿರಲಿಲ್ಲ’ ಎಂಬ ತೀರ್ಪಿನಲ್ಲಿ ಮುಗಿದುಬಿಡುತ್ತದೆ. ಒಂದೇ ಚಿತ್ರ ಎದುರಿಗಿದ್ದಾಗ ಅದರಾಚೆ ಹೋಗುವುದು ಕಷ್ಟ. ಒಂದೇ ವಿಷಯವನ್ನು ಹಿಡಿದ, ಬೇರೆ ಬೇರೆ ಕಾಲದ ಮೂರು ಚಿತ್ರಗಳನ್ನು ಒಂದೇ ತಿಂಗಳಲ್ಲಿ ನೋಡಿದರೆ, ಒಂದು ಚಿತ್ರ ಎತ್ತಿದ ಪ್ರಶ್ನೆಗೆ ಇನ್ನೊಂದು ಬೇರೆಯದೇ ಉತ್ತರ ಕೊಡುವುದು ಕಾಣಿಸುತ್ತದೆ, ಮಾತು ತಾನಾಗಿ ಬೆಳೆಯುತ್ತದೆ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಚಿತ್ರಾ ಫಿಲ್ಮ್ ಸೊಸೈಟಿ, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಹೆಗ್ಗೋಡಿನಲ್ಲಿ ಬೆಳೆದ ನೀನಾಸಂ ಚಿತ್ರಸಮಾಜ ಇವೆಲ್ಲ ಸಿನಿಮಾವನ್ನು ಗಮನವಿಟ್ಟು ನೋಡುವ ಅಭ್ಯಾಸವನ್ನು ನಮ್ಮ ನಾಡಿನಲ್ಲಿ ಬೆಳೆಸಿವೆ. ಮನೆಯ ಹಜಾರದಲ್ಲಿ ನಡೆಸುವ ಪುಟ್ಟ ಚರ್ಚೆಗೂ ಅದೇ ಗಮನ ಬೇಕು. ಜನ ಮುಗಿಬಿದ್ದು ನೋಡಿದ ಚಿತ್ರಗಳು ಅಂಥ ಗಮನಕ್ಕೆ ತಕ್ಕವಲ್ಲ ಎಂಬ ತಾತ್ಸಾರ ಮಾತ್ರ ಬೇಡ.

ಮೊದಲ ಹಂತ ಬಳಗವನ್ನು ಕೂಡಿಸುವುದು. ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಇಬ್ಬರು ಮಾತಾಡಿ ಉಳಿದವರು ಕೇಳುಗರಾಗುತ್ತಾರೆ. ಎಲ್ಲರ ಅಭಿರುಚಿಯೂ ಒಂದೇ ಆಗಿರದಿರುವುದು ಒಳ್ಳೆಯದು. ವಯಸ್ಸಿನ ಅಂತರವಿದ್ದರಂತೂ ಇನ್ನೂ ಒಳ್ಳೆಯದು, ಏಕೆಂದರೆ ಹಳೆಯ ಚಿತ್ರವೊಂದನ್ನು ಅದು ಬಿಡುಗಡೆಯಾದಾಗಲೇ ನೋಡಿದವರೊಬ್ಬರು ಬಳಗದಲ್ಲಿದ್ದರೆ, ಅಂದಿನ ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಅತ್ತರು ಎಂಬುದನ್ನು ಅವರಿಂದ ತಿಳಿಯಬಹುದು.

ಎರಡನೆಯ ಹಂತ ವಿಷಯದ ಆಯ್ಕೆ, ಮತ್ತು ಇಡೀ ಕೆಲಸದಲ್ಲಿ ಹೆಚ್ಚಿನ ಯೋಚನೆ ಬೇಡುವುದು ಇದೇ. ‘ಪ್ರೇಮಕಥೆಗಳು’, ‘ಹಾಸ್ಯ ಚಿತ್ರಗಳು’ ಎಂಬಂಥ ವಿಷಯಗಳು ತೀರ ಅಗಲವಾದವು. ಅವುಗಳಡಿ ಯಾವ ಚಿತ್ರವನ್ನೂ ತರಬಹುದಾದ್ದರಿಂದ ಚರ್ಚೆಗೆ ಹಿಡಿ ಸಿಗುವುದಿಲ್ಲ. ಒಬ್ಬ ನಟನ ಹೆಸರನ್ನೇ ವಿಷಯವಾಗಿಸಿದರೆ ಅಭಿಮಾನಿಗಳ ಪೈಪೋಟಿಗೆ ದಾರಿಯಾಗುತ್ತದೆ. ವಿಷಯವು ಪ್ರಶ್ನೆಯ ರೂಪದಲ್ಲಿರಲಿ. ಉದಾಹರಣೆಗೆ, ‘ಭೂಮಿ ಯಾರದು?’ ಎಂಬ ಪ್ರಶ್ನೆಯನ್ನು ಒಂದು ತಿಂಗಳಿಗೆ ಇಟ್ಟುಕೊಳ್ಳೋಣ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಅಭಿನಯಿಸಿದ ರಾಜೀವ ಬರಡು ನೆಲವನ್ನು ಹಸನು ಮಾಡಿ, ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ‘ಚೋಮನ ದುಡಿ’ಯಲ್ಲಿ ಚೋಮನ ಬಳಿ ಜೋಡಿ ಎತ್ತುಗಳಿವೆ, ದುಡಿಯುವ ಮೈಯಿದೆ, ಆದರೆ ಅವನ ಜಾತಿಯ ಕಾರಣಕ್ಕೆ ಬೇಸಾಯಕ್ಕೊಂದು ತುಂಡು ನೆಲ ಸಿಗುವುದಿಲ್ಲ. 2022ರ ‘ಕಾಂತಾರ’ದಲ್ಲಿ ಹಿಂದೆ ಅರಸ ಊರವರಿಗೆ ಬಿಟ್ಟುಕೊಟ್ಟ ನೆಲದ ಮೇಲೆ ಅವನ ವಂಶದವನ ಕಣ್ಣು ಬೀಳುತ್ತದೆ, ಜೊತೆಗೆ ಅರಣ್ಯ ಇಲಾಖೆಯ ಗಡಿರೇಖೆಯೂ ಬಂದು ನಿಲ್ಲುತ್ತದೆ.

ಈ ಮೂರನ್ನೂ ಬೇರೆ ಬೇರೆಯಾಗಿ ಮೆಚ್ಚಿದವರಿಗೂ, ಒಟ್ಟಿಗೆ ನೋಡಿದಾಗ ಹೊಸ ಸಂಗತಿಗಳು ಹೊಳೆಯುತ್ತವೆ. ದುಡಿದರೆ ಭೂಮಿ ಒಲಿಯುತ್ತದೆ ಎಂದು ರಾಜೀವನ ಕಥೆ ಭರವಸೆ ಕೊಟ್ಟರೆ, ಮೂರೇ ವರ್ಷಗಳ ಅಂತರದಲ್ಲಿ ಬಂದ ಚೋಮನ ಕಥೆ, ದುಡಿಯುವ ಅವಕಾಶವಾದರೂ ಯಾರಿಗೆ ಇತ್ತು ಎಂದು ಕೇಳುತ್ತದೆ. ಒಂದು ಚಿತ್ರ ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ, ಆದರೆ ಅದನ್ನು ಮೊದಲಿನಂತೆ ನೋಡಲೂ ಬಿಡುವುದಿಲ್ಲ. ನಾಲ್ಕನೆಯದೊಂದಕ್ಕೆ ಪುರುಸೊತ್ತಿದ್ದರೆ ಮಂಡ್ಯ ಸೀಮೆಯ ‘ತಿಥಿ’ಯನ್ನು ಸೇರಿಸಬಹುದು, ತಂದೆ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಲು ಹೊರಡುವ ಮಗನೊಬ್ಬ ಅದರಲ್ಲಿದ್ದಾನೆ.

ಇದೇ ಬಗೆಯಲ್ಲಿ ‘ಗುರು ಶಿಷ್ಯನಿಗೆ ಏನು ಕೊಡುತ್ತಾನೆ, ಏನು ಕಸಿದುಕೊಳ್ಳುತ್ತಾನೆ?’ ಎಂಬ ತಿಂಗಳಿಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಮತ್ತು ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ಒದಗುತ್ತವೆ. ಎರಡಕ್ಕೂ ತ.ರಾ.ಸು. ಅವರ ಕಾದಂಬರಿಗಳೇ ಮೂಲ. ಮಹಿಳೆಯರ ಕಾದಂಬರಿಗಳು ತೆರೆಗೆ ಬಂದ ಬಗೆಯನ್ನು ನೋಡಬೇಕೆಂದರೆ ತ್ರಿವೇಣಿಯವರ ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಮತ್ತು ‘ಫಣಿಯಮ್ಮ’ ಸೊಗಸಾಗಿ ಹೊಂದುತ್ತವೆ. ಮೊದಲೆರಡನ್ನು ನಿರ್ದೇಶಿಸಿದವರು ಪುಟ್ಟಣ್ಣ, ಮೂರನೆಯದನ್ನು ಪ್ರೇಮಾ ಕಾರಂತ ಎಂಬುದೇ ಆ ಸಂಜೆಯ ಮೊದಲ ಪ್ರಶ್ನೆಯಾಗಬಹುದು.

ಮೂರನೆಯ ಹಂತ ನೋಡುವ ಏರ್ಪಾಡು. ತಿಂಗಳ ಮೊದಲ ಮೂರು ವಾರ, ವಾರಕ್ಕೊಂದರಂತೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ನೋಡಿ, ನಾಲ್ಕನೆಯ ವಾರ ಒಂದೆಡೆ ಸೇರುವುದು ಅನುಕೂಲಕರ. ಚಿತ್ರಗಳು ಅಧಿಕೃತವಾಗಿ ಎಲ್ಲಿ ಸಿಗುತ್ತವೆ ಎಂಬುದನ್ನು ಪಟ್ಟಿ ಅಂತಿಮಗೊಳಿಸುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಹೊರದೇಶದಲ್ಲಿರುವ ಗೆಳೆಯರು ವಿಡಿಯೊ ಕರೆಯಲ್ಲಿ ಸೇರುವುದಾದರೆ, ಇಲ್ಲಿ ಸಿಗುವ ಚಿತ್ರ ಅಲ್ಲಿ ಸಿಗದಿರಬಹುದೆಂಬುದನ್ನೂ ಗಮನಿಸಬೇಕು. ಬಳಗ ಬೆಳೆದು ಸಭಾಂಗಣದಲ್ಲಿ ಸಾರ್ವಜನಿಕರಿಗೆ ಚಿತ್ರ ತೋರಿಸುವ ಮನಸ್ಸಾದರೆ ಹಕ್ಕುದಾರರ ಅನುಮತಿ ಪಡೆಯಬೇಕಾಗುತ್ತದೆ. ನಮ್ಮ ಕಾಯ್ದೆಯ ಪ್ರಕಾರ ಚಿತ್ರ ಬಿಡುಗಡೆಯಾದ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ.

ನೋಡುವಾಗ ಪ್ರತಿಯೊಬ್ಬರೂ ಪ್ರತಿ ಚಿತ್ರದಿಂದ ಒಂದೇ ಒಂದು ದೃಶ್ಯವನ್ನು ಆರಿಸಿ, ಅದು ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂದು ಬರೆದಿಟ್ಟುಕೊಳ್ಳಲಿ. ಈ ಸಣ್ಣ ನಿಯಮವನ್ನು ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಚರ್ಚೆಯ ದಿನ ಮಾತು ಆರಂಭವಾಗಬೇಕಾದದ್ದು ಅಲ್ಲಿಂದಲೇ.

ನಾಲ್ಕನೆಯ ಹಂತ ಚರ್ಚೆ. ಪ್ರತಿ ತಿಂಗಳೂ ಒಬ್ಬೊಬ್ಬರು ಸರದಿಯಂತೆ ನಿರ್ವಾಹಕರಾಗಲಿ. ಅವರ ಕೆಲಸ ಭಾಷಣ ಮಾಡುವುದಲ್ಲ, ಇನ್ನೂ ಮಾತಾಡದವರನ್ನು ಮಾತಿಗೆ ಎಳೆಯುವುದು. ಆಯ್ದ ದೃಶ್ಯವನ್ನು ಮೂರು ನಾಲ್ಕು ನಿಮಿಷ ಮತ್ತೆ ನೋಡಿ, ಅಲ್ಲಿ ಕಂಡದ್ದು ಮತ್ತು ಕೇಳಿದ್ದು ಇವಿಷ್ಟನ್ನೇ ಮೊದಲು ಹೇಳಬೇಕು: ಮಣ್ಣನ್ನು ಮುಟ್ಟುತ್ತಿರುವ ಕೈ ಯಾರದು, ಒಡೆಯ ಎಲ್ಲಿ ಕುಳಿತಿದ್ದಾನೆ, ಆಳು ಎಲ್ಲಿ ನಿಂತಿದ್ದಾನೆ, ದುಡಿಯ ಸದ್ದು ಯಾವಾಗ ಏಳುತ್ತದೆ, ಯಾವಾಗ ನಿಲ್ಲುತ್ತದೆ. ಅರ್ಥ ಹೇಳುವುದು, ಒಪ್ಪುವುದು, ವಿರೋಧಿಸುವುದು ಎಲ್ಲವೂ ಆಮೇಲೆ. ನೆಚ್ಚಿನ ನಟನ ಬಗ್ಗೆ ಮಾತು ಬಿಸಿಯೇರಿದರೆ ಅದನ್ನು ತಡೆಯುವ ಬದಲು, ಈ ಪಾತ್ರವನ್ನು ಬೇರೊಬ್ಬರು ಮಾಡಿದ್ದರೆ ಕಥೆಯ ಅರ್ಥವೇ ಬದಲಾಗುತ್ತಿತ್ತೇ ಎಂದು ನಿರ್ವಾಹಕರು ಕೇಳಬಹುದು. ಎರಡು ಗಂಟೆಯ ಮಿತಿ ಇರಲಿ. ಯಾರಾದರೊಬ್ಬರು ಒಂದು ಪುಟದ ಟಿಪ್ಪಣಿ ಬರೆದಿಟ್ಟರೆ ವರ್ಷದ ಕೊನೆಗೆ ಒಳ್ಳೆಯ ದಾಖಲೆಯಾಗುತ್ತದೆ.

ಮುಂದಿನ ತಿಂಗಳ ವಿಷಯವನ್ನು ಅಂದಿನ ಚರ್ಚೆಯಲ್ಲಿ ಬಗೆಹರಿಯದೆ ಉಳಿದ ಮಾತಿನಿಂದಲೇ ಆರಿಸುವುದು ಲೇಸು. ಚೋಮನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಎಂ.ವಿ. ವಾಸುದೇವರಾಯರು, ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ ಹಿನ್ನೀರು ಏರುತ್ತಿದ್ದರೂ ನೆಲ ಬಿಡಲೊಲ್ಲದ ದುಗ್ಗಜ್ಜನಾಗಿ ಕಾಣಿಸಿಕೊಂಡಿದ್ದಾರೆ. ಭೂಮಿಯ ತಿಂಗಳು ಮುಗಿಯುವಾಗ ಬಳಗದಲ್ಲಿ ಒಬ್ಬರು ಇದನ್ನು ನೆನಪಿಸಿದರೆ, ಮುಂದಿನ ತಿಂಗಳು ‘ಮಳೆ ಯಾರಿಗೆ ಏನು?’ ಎಂಬ ಪ್ರಶ್ನೆಯಡಿ, ಮಳೆಯನ್ನು ಪ್ರೀತಿಯ ಉಸಿರಾಗಿಸಿದ 2006ರ ‘ಮುಂಗಾರು ಮಳೆ’ಯನ್ನೂ ಅದೇ ಮಳೆ ಮನೆ ಮುಳುಗಿಸುವ ‘ದ್ವೀಪ’ವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೂರನೆಯ ಚಿತ್ರ ಯಾವುದಾಗಬೇಕೆಂಬುದನ್ನು ಬಳಗವೇ ತೀರ್ಮಾನಿಸಲಿ.