ಮಳೆ ಬಂದರೆ ಕೈಕೊಡುತ್ತಿದ್ದ ರೇಡಿಯೋ ಲಿಂಕ್: ನನ್ನ ಅನುಭವ

ನದಿ ದಂಡೆಯ ಪಂಪ್‌ಹೌಸ್‌ನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ಮೂರು ಕಿಲೋಮೀಟರ್. ಟ್ಯಾಂಕಿನ ನೀರಿನ ಮಟ್ಟ ಮಾಡ್‌ಬಸ್ (ಯಂತ್ರಗಳು ಮಾಹಿತಿ ಹಂಚಿಕೊಳ್ಳುವ ಪದ್ಧತಿ) ಮೂಲಕ ಪಿಎಲ್‌ಸಿಗೆ, ಅಂದರೆ ಪಂಪ್ ನಡೆಸುವ ನಿಯಂತ್ರಕ ಕಂಪ್ಯೂಟರಿಗೆ, ಬರಬೇಕು. 2.4 ಗಿಗಾಹರ್ಟ್ಸ್ ರೇಡಿಯೋ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಶುರುವಾದದ್ದೇ ತಡ, ದಿನಕ್ಕೆ ಹತ್ತು ಸಲ ಲಿಂಕ್ ಕಡಿದು ಪಂಪ್ ನಿಂತು, ಊರಿಗೆ ನೀರಿಲ್ಲ.

ಮೊದಲು ಪಿಎಲ್‌ಸಿ ಪ್ರೋಗ್ರಾಂ ಮೇಲೆ ಅನುಮಾನಪಟ್ಟು ವಾರ ಕಳೆದೆ. ಕಾರಣ ನಡುವಿನ ತೆಂಗಿನ ತೋಟ. ಒದ್ದೆ ಎಲೆಗಳು ಆ ತರಂಗಾಂತರವನ್ನು ಚೆನ್ನಾಗಿ ಹೀರುತ್ತವೆ.

ಹೊಸದಕ್ಕೆ ಹುಡುಕಿದಾಗ ಒಬ್ಬರು 915 ಮೆಗಾಹರ್ಟ್ಸ್ ಸೆಟ್ ತೋರಿಸಿದರು. ಬೇಡ ಎಂದೆ. ಅದು ಅಮೆರಿಕದ 902–928 ಬ್ಯಾಂಡಿನದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಸಿಗುವುದು 865–868. ಖರೀದಿಗೆ ಮುನ್ನ ಇದನ್ನು ದಯವಿಟ್ಟು ನೋಡಿಕೊಳ್ಳಿ.

866 ಮೆಗಾಹರ್ಟ್ಸ್‌ನಲ್ಲಿ ಅದೇ ದೂರಕ್ಕೆ ಪಥನಷ್ಟ (ದಾರಿಯಲ್ಲಿ ಸಿಗ್ನಲ್ ಕುಂದುವುದು) 2.4 ಗಿಗಾಹರ್ಟ್ಸ್‌ಗಿಂತ ಸುಮಾರು 9 ಡಿಬಿ (ಡೆಸಿಬೆಲ್) ಕಡಿಮೆ, ಎಲೆಯ ಕಾಟವೂ ಕಡಿಮೆ. ಆದರೆ ಫ್ರೆನೆಲ್ ವಲಯ, ಅಂದರೆ ಎರಡು ಆಂಟೆನಾಗಳ ನಡುವೆ ಸಿಗ್ನಲ್ ಹರಡಿ ಸಾಗುವ ಜಾಗ, ದೊಡ್ಡದು: ನಡುದಾರಿಯಲ್ಲಿ ತ್ರಿಜ್ಯ 16 ಮೀಟರ್, ಅದರ ಶೇ. 60ರಷ್ಟಾದರೂ ತೆರವಿರಬೇಕು. ಹಾಗಾಗಿ ಪಂಪ್‌ಹೌಸಿನ ಕಂಬವನ್ನು ಆರು ಮೀಟರ್ ಎತ್ತರಿಸಿ, ಎರಡೂ ಕಡೆ ಯಾಗಿ ಆಂಟೆನಾ (ಒಂದೇ ದಿಕ್ಕಿಗೆ ಗುರಿಯಿಡುವಂಥದ್ದು) ಕಟ್ಟಿದೆವು. ಕನೆಕ್ಟರಿಗೆ ಸೆಲ್ಫ್ ಬಾಂಡಿಂಗ್ ಟೇಪ್ ಸುತ್ತಿದೆವು. ಹಳೆಯದರೊಳಗೆ ನೀರಿಳಿದು ಕಿಲುಬು ಹಿಡಿದಿತ್ತು.

ರಿಸೀವರ್ ಸಂವೇದನೆ, ಅಂದರೆ ಅದು ಹಿಡಿಯಬಲ್ಲ ಅತಿ ಕ್ಷೀಣ ಸಿಗ್ನಲ್, ಮೈನಸ್ 105 ಡಿಬಿಎಂ (ಸಿಗ್ನಲ್ ಬಲದ ಅಳತೆ), ಈಗ ಬರುವ ಸಿಗ್ನಲ್ ಮೈನಸ್ 80. ಈ 25 ಡಿಬಿ ಅಂತರವೇ ಮಳೆಗಾಲದ ಆಸರೆ. ನಿಧಾನದ ರೇಡಿಯೋ ಆದ್ದರಿಂದ ಮಾಡ್‌ಬಸ್ ಟೈಮ್‌ಔಟನ್ನು (ಉತ್ತರಕ್ಕೆ ಕಾಯುವ ಸಮಯ) 200 ಮಿಲಿಸೆಕೆಂಡಿನಿಂದ ಒಂದು ಸೆಕೆಂಡಿಗೆ ಏರಿಸಿದೆ. ಆಮೇಲಿನ ಇಡೀ ಮಳೆಗಾಲದಲ್ಲಿ ಲಿಂಕ್ ಕಡಿದು ಪಂಪ್ ನಿಂತಿಲ್ಲ.