ಲಾರಿ ದುರಸ್ತಿ ಕಲಿತ ಬಗೆ: ನನ್ನ ಅನುಭವ

2008ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ, ಹಾವೇರಿ ಜಿಲ್ಲೆಯ ಬಂಕಾಪುರದ ಹತ್ತಿರ ಹೆದ್ದಾರಿಯ ಬದಿಯಲ್ಲಿದ್ದ ಒಂದು ಗ್ಯಾರೇಜಿಗೆ ಕೆಲಸಕ್ಕೆ ಸೇರಿಕೊಂಡೆ. ಮೊದಲ ಎರಡು ತಿಂಗಳು ಬಿಡಿಭಾಗಗಳನ್ನು ಡೀಸೆಲ್‌ನಲ್ಲಿ ತೊಳೆಯುವುದು, ಹಬ್‌ಗೆ ಗ್ರೀಸ್ ತುಂಬುವುದು, ಮಿಸ್ತ್ರಿ ಕೇಳಿದ ಪಾನಾವನ್ನು ಅವರು ಎರಡನೇ ಸಲ ಕೇಳುವ ಮೊದಲೇ ಕೈಗೆ ಕೊಡುವುದು, ಇಷ್ಟೇ ನನ್ನ ಕೆಲಸ. ಮಿಸ್ತ್ರಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಆದರೆ ಎಂಜಿನ್ನಿನ ಬಡಿತ ಕೇಳಿ ಯಾವ ಸಿಲಿಂಡರ್ ಸೋತಿದೆ ಎಂದು ಊಹಿಸುತ್ತಿದ್ದರು, ಆಮೇಲೆ ಓಡುತ್ತಿರುವ ಎಂಜಿನ್ನಿನಲ್ಲೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಒಂದೊಂದು ನಾಝಲ್ಲಿನ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಆ ಊಹೆಯನ್ನು ಖಚಿತ ಮಾಡಿಕೊಳ್ಳುತ್ತಿದ್ದರು. ಆರು ಸಿಲಿಂಡರಿನ ಎಂಜಿನ್ನಿಗೆ ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು, ಹೊಂದಿಸುವುದನ್ನು ಅವರೇ ನನಗೆ ಕಲಿಸಿದರು. ಆರನೆಯ ಸಿಲಿಂಡರಿನ ವಾಲ್ವುಗಳು ತೂಗಾಡುವ (ಒಂದು ಮುಚ್ಚುತ್ತ ಇನ್ನೊಂದು ತೆರೆಯುವ) ಹೊತ್ತಿಗೆ ಒಂದನೆಯದನ್ನು ಹೊಂದಿಸಬೇಕು, ಐದನೆಯದು ತೂಗಾಡುವಾಗ ಎರಡನೆಯದನ್ನು, ನಾಲ್ಕನೆಯದು ತೂಗಾಡುವಾಗ ಮೂರನೆಯದನ್ನು. ಹೀಗೇಕೆ ಎಂದು ಕೇಳಿದರೆ, "ಹಾಂಗ ಇರೋದು ತಮ್ಮಾ" ಎನ್ನುತ್ತಿದ್ದರು.

ಕಾರಣ ತಿಳಿದದ್ದು ಹುಬ್ಬಳ್ಳಿಯ ಐಟಿಐಯಲ್ಲಿ. ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ ಕೋರ್ಸು, ಮೋಟಾರು ವಾಹನ ಮೆಕ್ಯಾನಿಕ್ ಎರಡು ವರ್ಷದ್ದು. ಬೇಗ ಸಂಪಾದನೆಗೆ ಇಳಿಯಬೇಕೆಂಬ ಅವಸರವಿದ್ದರೂ ಅಪ್ಪನ ಮಾತಿನಂತೆ ಎರಡನೆಯದನ್ನೇ ಆರಿಸಿಕೊಂಡೆ. ಎಂಜಿನ್ನಿನ ಜೊತೆಗೆ ಗೇರ್‌ಬಾಕ್ಸ್, ಬ್ರೇಕ್, ಸ್ಟೀರಿಂಗ್, ವಿದ್ಯುತ್ ವ್ಯವಸ್ಥೆಗಳೆಲ್ಲ ಅದರಲ್ಲಿದ್ದುದರಿಂದ ಆ ಆಯ್ಕೆ ಸರಿಯಾಗಿಯೇ ಇತ್ತು. 1-5-3-6-2-4 ಎಂಬ ಉರಿಯುವ ಕ್ರಮವನ್ನು ಬೋಧಕರು ಹಲಗೆಯ ಮೇಲೆ ಬರೆದು, ಒಂದನೆಯ ಮತ್ತು ಆರನೆಯ ಪಿಸ್ಟನ್ನುಗಳು ಒಟ್ಟಿಗೇ ಮೇಲೆ ಬರುತ್ತವೆ, ಆರನೆಯದರ ವಾಲ್ವುಗಳು ತೂಗಾಡುವಾಗ ಒಂದನೆಯದರ ಎರಡೂ ವಾಲ್ವುಗಳು ಮುಚ್ಚಿರುತ್ತವೆ ಎಂದು ತೋರಿಸಿದ ದಿನ ಮಿಸ್ತ್ರಿಯ ಲೆಕ್ಕ ನನಗೆ ಅರ್ಥವಾಯಿತು. ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿಯನ್ನು ಮಾತ್ರ ನಾನು ಕಡೆಗಣಿಸಿದೆ. ನಟ್ಟು ಬಿಚ್ಚುವವನಿಗೆ ಗೆರೆ ಎಳೆಯುವ ಕೆಲಸ ಏಕೆ ಎಂದು ಹಿಂದಿನ ಬೆಂಚಿನಲ್ಲಿ ಕುಳಿತು ಹರಟೆ ಹೊಡೆಯುತ್ತಿದ್ದೆ. ಅದರ ದಂಡವನ್ನು ಹತ್ತು ವರ್ಷಗಳ ಬಳಿಕ ಕಟ್ಟಿದೆ.

ಐಟಿಐ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋ ಒಂದರಲ್ಲಿ ಒಂದು ವರ್ಷದ ಶಿಕ್ಷಾರ್ಥಿಯಾಗಿದ್ದೆ. ಸಿಗುತ್ತಿದ್ದ ಶಿಷ್ಯವೇತನ ಊಟಕ್ಕೂ ರೂಮಿನ ಬಾಡಿಗೆಗೂ ಸರಿಹೋಗುತ್ತಿತ್ತು. ಆದರೆ ಕೆಲಸ ಕೈಗೆ ಕೂರುವುದು ಅಂಥ ಕಡೆಯಲ್ಲೇ. ಸಂಜೆ ಡಿಪೋಗೆ ಬಂದ ಬಸ್ಸು ಬೆಳಗಿನ ಜಾವ ಮತ್ತೆ ಹೊರಡಲೇಬೇಕು. ಆದ್ದರಿಂದ ಒಂದೇ ಬಗೆಯ ಕೆಲಸವನ್ನು ರಾತ್ರಿಗೆ ಹತ್ತಾರು ಗಾಡಿಗಳಲ್ಲಿ ಮಾಡುವ ಅವಕಾಶ ಸಿಗುತ್ತದೆ. ಬ್ರೇಕ್ ಲೈನರ್ ಬದಲಾವಣೆ, ಬ್ರೇಕಿನ ಸಡಿಲ ತೆಗೆಯುವ ಸ್ಲ್ಯಾಕ್ ಅಡ್ಜಸ್ಟರ್ ಹೊಂದಿಸುವುದು, ಏರ್ ಟ್ಯಾಂಕಿನ ನೀರು ಹೊರಬಿಡುವುದು, ಇವೆಲ್ಲ ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾದವು. ಹಾಗೆ ರೂಢಿಯಾದುದರಲ್ಲೇ ಅಪಾಯವೂ ಇದೆ ಎಂದು ಕಲಿಸಿದವರು ಅಲ್ಲಿನ ಒಬ್ಬ ಹಿರಿಯ ಮೆಕ್ಯಾನಿಕ್. ಹಿಂದಿನ ಆಕ್ಸಲಿನ ಬ್ರೇಕ್ ಚೇಂಬರಿನೊಳಗೆ ಪಾರ್ಕಿಂಗ್ ಬ್ರೇಕಿನ ದೊಡ್ಡ ಸ್ಪ್ರಿಂಗ್ ಯಾವಾಗಲೂ ಅದುಮಿಕೊಂಡೇ ಇರುತ್ತದೆ. ಅದನ್ನು ಬೋಲ್ಟ್ ಹಾಕಿ ಕಟ್ಟಿಹಾಕದೆ ಕ್ಲ್ಯಾಂಪ್ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ನಾನು ಕ್ಲ್ಯಾಂಪಿಗೆ ಪಾನಾ ಹಾಕಿದ್ದನ್ನು ಕಂಡ ಅವರು ನನ್ನ ಮಣಿಕಟ್ಟು ಹಿಡಿದು ಎಳೆದರು, ಬೈಯಲಿಲ್ಲ. ಆ ದಿನವಿಡೀ ನನಗೆ ಪಾನಾ ಮುಟ್ಟಲು ಬಿಡಲಿಲ್ಲ, ಅಷ್ಟೇ.

ಆಮೇಲೆ ಒಂದು ಲಾರಿ ಕಂಪನಿಯ ಡೀಲರ್ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿನ ಮೊದಲ ಐದಾರು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕ್ಲಚ್ ಪ್ಲೇಟು, ಗೇರ್‌ಬಾಕ್ಸು, ಹೌಸಿಂಗು, ರಾತ್ರಿ ಹೆದ್ದಾರಿಯ ಬ್ರೇಕ್‌ಡೌನು, ಹೀಗೆಯೇ ದಿನಗಳು ಕಳೆದವು. ಸಂಬಳ ನಿಧಾನವಾಗಿ ಏರಿತು, ಬೆನ್ನುನೋವು ಬೇಗನೆ ಬಂತು.

ನಿಜವಾದ ಬದಲಾವಣೆ ಬಂದದ್ದು ಹೊಗೆಯ ನಿಯಮಗಳಿಂದ. 2017ರ ಏಪ್ರಿಲ್ 1ರಂದು ದೇಶವೆಲ್ಲಕ್ಕೂ ಬಿಎಸ್-4 (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೆಯ ಹಂತ) ಅನ್ವಯವಾಯಿತು, 2020ರ ಏಪ್ರಿಲ್ 1ರಂದು ನೇರವಾಗಿ ಬಿಎಸ್-6 ಬಂತು. ಹೊಸ ಲಾರಿಯ ಸೈಲೆನ್ಸರ್ ಇದ್ದ ಜಾಗದಲ್ಲಿ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯೇ ಕುಳಿತಿತ್ತು: ಮಸಿ ಹಿಡಿಯುವ ಫಿಲ್ಟರ್, ನೂರಕ್ಕೆ 32.5 ಪಾಲು ಯೂರಿಯಾ ಇರುವ ದ್ರಾವಣವನ್ನು ಬಿಸಿ ಹೊಗೆಗೆ ಸಿಂಪಡಿಸುವ ಡೋಸರ್, ಹಿಂದೆ ಮುಂದೆ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರುಗಳು. ಎಲ್ಲ ನಾಝಲ್ಲುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಎಂಬ ಕೊಳವೆಯಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಮಿಸ್ತ್ರಿ ಕಲಿಸಿದ ಹಾಗೆ ಓಡುವ ಎಂಜಿನ್ನಿನ ಪೈಪಿನ ನಟ್ಟು ಸಡಿಲಿಸಿದರೆ ಕೂದಲೆಳೆಯಷ್ಟು ತೆಳ್ಳಗಿನ ಡೀಸೆಲ್ ಧಾರೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಹದಿನಾರನೆಯ ವಯಸ್ಸಿಗೆ ಕೈ ಕಲಿತ ಮೊದಲ ಪಾಠವನ್ನು ಅದೇ ಕೈಗೆ ಮರೆಯಿಸುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟವಾಯಿತು.

ಕಂಪನಿ ನನ್ನನ್ನು ಒಂದು ವಾರದ ತರಬೇತಿಗೆ ಕಳುಹಿಸಿತು. ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದುವುದನ್ನು ಕಲಿತು ಬಂದ ನಾನು, ಇನ್ನು ಎಲ್ಲವೂ ಸುಲಭ ಎಂದು ನಂಬಿದೆ. ಆ ನಂಬಿಕೆಯನ್ನು ಕೆಡವಿದ್ದು ಜಲ್ಲಿ ಸಾಗಿಸುವ ಹತ್ತು ಗಾಲಿಯ ಒಂದು ಟಿಪ್ಪರ್. ಎಚ್ಚರಿಕೆಯ ದೀಪ ಹತ್ತಿತ್ತು, ಎಂಜಿನ್ನಿನ ಎಳೆತ ಕುಗ್ಗಿತ್ತು, ಹಿಂಬದಿಯ ನೈಟ್ರೋಜನ್ ಆಕ್ಸೈಡ್ ಸೆನ್ಸರಿನಿಂದ ಸಂದೇಶ ಬರುತ್ತಿಲ್ಲವೆಂದು ಕೋಡ್ ಹೇಳುತ್ತಿತ್ತು. ನಾನು ಸೆನ್ಸರ್ ಬದಲಿಸಿದೆ. ದೀಪ ಆರಿತು, ಮಾಲೀಕರು ದೊಡ್ಡ ಬಿಲ್ಲನ್ನೇ ಕಟ್ಟಿ ಹೋದರು, ನಾಲ್ಕನೆಯ ದಿನ ಗಾಡಿ ಅದೇ ಕೋಡಿನೊಂದಿಗೆ ತಿರುಗಿ ಬಂತು.

ಎರಡನೆಯ ಸಲ ಮಲ್ಟಿಮೀಟರ್ ತೆಗೆದುಕೊಂಡೆ. ಗಾಡಿಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಹೊಸೆದ ಜೋಡಿ ತಂತಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ ಅಳೆದರೆ ಒಟ್ಟು 60 ಓಮ್ ಬರಬೇಕು. ಕ್ಯಾಬಿನ್ನಿನ ಸಾಕೆಟ್ಟಿನಲ್ಲಿ ಅಳೆದೆ, ಸರಿಯಾಗಿ 60 ಬಂತು. ತಂತಿ ಸರಿಯಿದೆ, ಹೊಸ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನಿಸಿ ಮತ್ತೊಂದು ಸೆನ್ಸರಿಗೆ ವಾರಂಟಿ ಅರ್ಜಿ ಬರೆಯಲು ಕುಳಿತೆ. ಅಷ್ಟರಲ್ಲಿ ನಮ್ಮ ಫೋರ್‌ಮನ್ ವೈರಿಂಗ್ ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ನೀನು ಅಳೆದದ್ದು ಎಲ್ಲಿ, ಸೆನ್ಸರ್ ಇರುವುದು ಎಲ್ಲಿ, ಬೆರಳಿಟ್ಟು ತೋರಿಸು" ಎಂದರು. ನನಗೆ ತೋರಿಸಲಾಗಲಿಲ್ಲ. ಐಟಿಐಯ ಹಿಂದಿನ ಬೆಂಚು ನೆನಪಾದದ್ದು ಆಗಲೇ. ನಾನು ಅಳೆದದ್ದು ಮುಖ್ಯ ಜೋಡಿಯನ್ನು; ಸೆನ್ಸರ್ ಇದ್ದುದು ಅದರಿಂದ ಕವಲೊಡೆದ ತಂತಿಯಲ್ಲಿ. ಕವಲು ತುಂಡಾದರೂ ಮುಖ್ಯ ಜೋಡಿ 60 ಓಮ್ ತೋರಿಸುತ್ತಲೇ ಇರುತ್ತದೆ. ಸೆನ್ಸರಿನ ಕನೆಕ್ಟರಿನಲ್ಲೇ ಮೀಟರ್ ಇಟ್ಟು, ಚಾಸಿಗುಂಟ ಹೋದ ತಂತಿಕಟ್ಟನ್ನು ಅಲುಗಾಡಿಸಿದಾಗ 60 ಎಂದಿದ್ದ ಅಂಕಿ ಒಮ್ಮೆಲೇ ಮಾಯವಾಯಿತು. ಒಂದು ಬ್ರ್ಯಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ತಂತಿ ಒಳಗೇ ಕಡಿದಿತ್ತು. ಖಾಲಿ ಗಾಡಿಯಲ್ಲಿ ತುದಿಗಳು ತಾಗಿಕೊಂಡಿರುತ್ತಿದ್ದವು, ಜಲ್ಲಿ ತುಂಬಿ ಕ್ವಾರಿಯ ಹಳ್ಳಕ್ಕಿಳಿದಾಗ ಬಿಟ್ಟುಕೊಳ್ಳುತ್ತಿದ್ದವು. ಗೇಣುದ್ದ ತಂತಿ, ಒಂದು ಗಂಟೆಯ ಕೆಲಸ. ಮೊದಲ ಬಿಲ್ಲಿನ ವಿಷಯವನ್ನು ಮಾಲೀಕರಿಗೆ ನಾನೇ ಹೇಳಬೇಕಾಯಿತು. ಅವರ ಮುಂದಿನ ಎರಡು ಸರ್ವಿಸುಗಳ ಕೂಲಿಯನ್ನು ವರ್ಕ್‌ಶಾಪ್ ಬಿಟ್ಟುಕೊಟ್ಟಿತು.

ಆ ತಿಂಗಳಿಂದ ಆರಂಭಿಸಿ ಸುಮಾರು ಒಂದು ವರ್ಷ, ದಿನವೂ ಕೆಲಸ ಮುಗಿದ ಮೇಲೆ ಒಂದೊಂದು ವೈರಿಂಗ್ ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಕೈಪಿಡಿ ಓದುವುದು ಮೊದಮೊದಲು ನಾಚಿಕೆಯ ಸಂಗತಿಯಾಗಿತ್ತು. ಆದರೆ ಅಲ್ಲಿ ಪದೇಪದೇ ಬರುವ ಪದಗಳು ಇನ್ನೂರು ಮುನ್ನೂರಕ್ಕಿಂತ ಹೆಚ್ಚಿರಲಿಲ್ಲ. ಅವನ್ನು ಕನ್ನಡ ಅರ್ಥದೊಂದಿಗೆ ಬರೆದಿಟ್ಟುಕೊಂಡ ಪಟ್ಟಿಯನ್ನು ಈಗ ನನ್ನ ಕೈಕೆಳಗಿನ ಶಿಕ್ಷಾರ್ಥಿಗಳು ಫೋಟೊ ತೆಗೆದುಕೊಳ್ಳುತ್ತಾರೆ.

ಮುಂದಿನ ದಾರಿಗಳೂ ನಾನು ಸೇರಿದಾಗ ಎಣಿಸಿದ್ದಕ್ಕಿಂತ ಹೆಚ್ಚಿವೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ನನ್ನ ಜೊತೆಗಿದ್ದ ಒಬ್ಬ ಹಾಗೆ ಓದಿ ಈಗ ಸರ್ವಿಸ್ ಮ್ಯಾನೇಜರ್ ಆಗಿದ್ದಾನೆ. ಇನ್ನೊಬ್ಬ ಸಾರಿಗೆ ಸಂಸ್ಥೆಯಲ್ಲಿ ತಾಂತ್ರಿಕ ಸಹಾಯಕ, ಮತ್ತೊಬ್ಬ ಸಂಡೂರಿನ ಗಣಿಯಲ್ಲಿ ಟಿಪ್ಪರುಗಳ ನಿರ್ವಹಣೆ ನೋಡಿಕೊಳ್ಳುತ್ತಾನೆ. ಶಾಲೆ ಓದದೆ ಕೆಲಸ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಬಂಕಾಪುರದ ಮಿಸ್ತ್ರಿಗೆ ಅದನ್ನು ತಿಳಿಸಿದಾಗ, ಈ ವಯಸ್ಸಿನಲ್ಲಿ ತನ್ನನ್ನು ಯಾರು ಪರೀಕ್ಷಿಸುತ್ತಾರೆ ಎಂದು ನಕ್ಕರು. ಅವರ ಮಗ ಮಾತ್ರ ಅರ್ಜಿಗೆ ಏನೇನು ಕಾಗದ ಬೇಕು ಎಂದು ನನ್ನಿಂದ ಬರೆಸಿಕೊಂಡ.