ರೈಸ್ ಮಿಲ್ ಸದ್ದನ್ನು ಅಗ್ಗದ ಮೈಕ್‌ನಲ್ಲಿ ಅಳೆದದ್ದು: ನನ್ನ ಅನುಭವ

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ನಲ್ಲಿ ನಾನು ಕರೆಂಟ್, ಮೋಟಾರ್ ಕೆಲಸ ನೋಡಿಕೊಳ್ಳುತ್ತೇನೆ. ಮಿಲ್ ಅಂದ ಮೇಲೆ ಸದ್ದು ಇದ್ದದ್ದೇ ಅಂತ ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಆದರೆ ಅಕ್ಕಿಗೆ ಹೊಳಪು ಕೊಡುವ ಪಾಲಿಷರ್ ಯಂತ್ರದ ಆಪರೇಟರ್ "ಮನಿಗೆ ಹೋದ್ರೂ ಕಿವ್ಯಾಗ ಗುಂಯ್ ಅಂತೈತ್ರಿ" ಅಂದಾಗ ಸುಮ್ನೆ ಕೂರಲು ಆಗಲಿಲ್ಲ. ಸದ್ದಿನಿಂದ ಹೋದ ಕಿವಿ ವಾಪಸ್ ಬರುವುದಿಲ್ಲ.

ಮೊಬೈಲ್ ಆ್ಯಪ್ ಇಲ್ಲಿ ನಂಬಿಕೆಗೆ ಬರಲ್ಲ. ಫೋನಿನ ಮೈಕ್ ಇರುವುದು ಮಾತಿಗೆ. ಜೋರು ಸದ್ದನ್ನು ಎಷ್ಟೋ ಫೋನ್‌ಗಳು ತಾವೇ ತಗ್ಗಿಸಿಬಿಡುತ್ತವೆ. ಹಾಗಾಗಿ ಐಎನ್‌ಎಂಪಿ441 ಡಿಜಿಟಲ್ ಮೈಕ್, ಅದರ ಅಂಕಿ ಓದಿ ಲೆಕ್ಕ ಹಾಕಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತರಿಸಿದೆ. ಎರಡೂ ಸೇರಿ ಸಾವಿರ ರೂಪಾಯಿ ಒಳಗೇ. ಈ ಮೈಕ್ 120 ಡೆಸಿಬಲ್ ತನಕದ ಸದ್ದು ತಡೆಯುತ್ತದೆ.

ಈ ಮೈಕ್‌ಗೆ ಸದ್ದು ಹೋಗುವ ತೂತು ಚಿಪ್ ಕಾಣುವ ಕಡೆ ಇಲ್ಲ, ಬೋರ್ಡಿನ ಬೆನ್ನಿಗಿದೆ. ಆ ಬೆನ್ನನ್ನೇ ಡಬ್ಬಿಯ ತೂತಿಗೆ ಒತ್ತಿ ಕೂರಿಸಬೇಕು. ಮುಂದೆ ತೆಳು ಸ್ಪಂಜು ಇಡಿ, ಆಗಾಗ ಬದಲಿಸಿ. ತೌಡಿನ ಧೂಳು ಬಿಡುವುದಿಲ್ಲ.

ಲೆಕ್ಕದಲ್ಲಿ ಜಾಸ್ತಿ ಹುಷಾರು ಬೇಕು. 94 ಡೆಸಿಬಲ್ ಸದ್ದಿಗೆ ಈ ಮೈಕ್ ಕೊಡುವ ಅಂಕಿ ಮೈನಸ್ 26 (ಮೈಕ್‌ನ ಗರಿಷ್ಠ ಅಂಕಿಯನ್ನು ಸೊನ್ನೆ ಡೆಸಿಬಲ್ ಅಂತ ಹಿಡಿದರೆ). ಅಂದರೆ ಬಂದ ಅಂಕಿಗೆ 120 ಕೂಡಿಸಬೇಕು. ಕೋಡ್‌ನಲ್ಲಿ ಆರ್‌ಎಂಎಸ್ (ಸದ್ದಿನ ಅಲೆಯ ಒಂದು ಬಗೆಯ ಸರಾಸರಿ) ತೆಗೆದು ಗರಿಷ್ಠ ಅಂಕಿಯಿಂದ ಭಾಗಿಸಿದ್ದರೆ ಇನ್ನೂ 3 ಸೇರಿಸಿ. 3 ಅಂದರೆ ಸಣ್ಣದಲ್ಲ, ಸದ್ದಿನ ಶಕ್ತಿ ಎರಡು ಪಟ್ಟು! ಸರಾಸರಿಯನ್ನೂ ಶಕ್ತಿಯ ಮೇಲೆಯೇ ತೆಗೆಯಬೇಕು, ಡೆಸಿಬಲ್ ಅಂಕಿಗಳನ್ನು ಕೂಡಿ ಭಾಗಿಸಿದರೆ ತಪ್ಪು. ಕೊನೆಗೆ ಕಾಲೇಜೊಂದರಿಂದ ಒಳ್ಳೆ ಮೀಟರ್ ಕೇಳಿ ತಂದು, ಪಕ್ಕಪಕ್ಕ ಇಟ್ಟು ಹೊಂದಿಸಿದೆ.

ಎಲ್ಲರ ಅನುಮಾನ ಭತ್ತದ ಹೊಟ್ಟು ಬಿಡಿಸುವ ಶೆಲ್ಲರ್ ಮೇಲಿತ್ತು. ಯಾವ ಕಂಪನದಲ್ಲಿ ಎಷ್ಟು ಸದ್ದು ಅಂತ ತೋರಿಸುವ ಗ್ರಾಫ್ ಬೇರೆಯೇ ಹೇಳಿತು. 280 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 280 ಕಂಪನದಲ್ಲಿ, ಚೂಪಾದ ಒಂದು ಮೊನೆ. ಪಾಲಿಷರ್ ಬ್ಲೋವರ್ ನಿಮಿಷಕ್ಕೆ 2100 ಸುತ್ತು ತಿರುಗುತ್ತದೆ, ಸೆಕೆಂಡಿಗೆ 35. ಫ್ಯಾನಿಗೆ ರೆಕ್ಕೆ ಎಂಟು, ಒಂದೊಂದು ರೆಕ್ಕೆ ದಾಟುವಾಗಲೂ ಗಾಳಿಗೆ ಒಂದು ಏಟು. ಮೂವತ್ತೈದು ಎಂಟ್ಲೆ 280. ಕಳ್ಳ ಸಿಕ್ಕಿದ ಅಲ್ವಾ?

ಗಾಳಿ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಪುಲ್ಲಿ ಬದಲಿಸಿ ವೇಗ ಸ್ವಲ್ಪ ಇಳಿಸಿದೆವು. ಬ್ಲೋವರ್‌ಗೂ ಡಕ್ಟ್‌ಗೂ ನಡುವೆ ಕ್ಯಾನ್ವಾಸ್ ತೋಳು, ಬುಡಕ್ಕೆ ರಬ್ಬರ್ ಪ್ಯಾಡ್ ಹಾಕಿದೆವು. ಡಕ್ಟ್‌ಗೆ ಹೊರಗಡೆ ಗ್ಲಾಸ್‌ವುಲ್ ಸುತ್ತಿ ಮೇಲೆ ತಗಡು ಹೊದಿಸಿದೆವು. ಒಳಗೆ ಮಾತ್ರ ಯಾವತ್ತೂ ಹಾಕಬೇಡಿ. ತೌಡು ಮೆತ್ತಿಕೊಳ್ಳುತ್ತದೆ, ಎಳೆ ಉದುರಿದರೆ ತಿನ್ನುವ ವಸ್ತುವಿಗೇ ಸೇರುತ್ತದೆ.

ಆಪರೇಟರ್ ನಿಲ್ಲುವ ಜಾಗದಲ್ಲಿ 96 ಡೆಸಿಬಲ್ ಇದ್ದದ್ದು 90ಕ್ಕೆ ಬಂತು. ಕಾರ್ಖಾನೆ ನಿಯಮದ ಪ್ರಕಾರ 90ರಲ್ಲಿ ದಿನಕ್ಕೆ 8 ಗಂಟೆ, 95 ಆದರೆ 4 ಗಂಟೆ ಅಷ್ಟೇ ಇರಬಹುದು. ನನ್ನ ಮಟ್ಟಿಗೆ 90 ಕೂಡ ಜಾಸ್ತಿಯೇ. ಇಯರ್ ಮಫ್ ಬಿಡಿಸಿಲ್ಲ.

ಇಲಾಖೆಗೆ ಕೊಡುವ ರಿಪೋರ್ಟಿಗೆ ಈ ಮೈಕ್ ನಡೆಯುವುದಿಲ್ಲ, ಅದಕ್ಕೆ ಪ್ರಮಾಣಿತ ಮೀಟರೇ ಬೇಕು. ಆದರೆ ಹಗಲೂ ರಾತ್ರಿ ಒಂದೇ ಕಡೆ ಬಿಟ್ಟು ನೋಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಸಿಕ್ಕಿಲ್ಲ. ಈಗ ಮಿಲ್ ಸದ್ದು ಅಕ್ಕಪಕ್ಕದ ಮನೆಗಳಿಗೆ ಎಷ್ಟು ಕೇಳುತ್ತದೆ ಅಂತ ನೋಡಲು ಹಿಂದಿನ ಓಣಿಯ ಮನೆಯೊಂದರ ಮಾಳಿಗೆ ಮೇಲೆ ಇಟ್ಟಿದ್ದೇನೆ. ವಾಸದ ಜಾಗಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮಿತಿ 45. ಸುತ್ತ ಸದ್ದೇ ಇಲ್ಲದಿದ್ದರೂ ಮೈಕ್ ತೋರಿಸುವ ಸ್ವಂತ ಸದ್ದು ಸುಮಾರು 33, ಹಾಗಾಗಿ ಅಳೆಯಲು ಅಡ್ಡಿಯಿಲ್ಲ. ಅಂಕಿ ಬಂದ ಮೇಲೆ ಭತ್ತ, ಅಕ್ಕಿ ಮೇಲಕ್ಕೆತ್ತುವ ಎಲಿವೇಟರ್‌ನ ಸದ್ದು ತಗ್ಗಿಸುವ ಕೆಲಸಕ್ಕೆ ಕೈ ಹಾಕುತ್ತೇವೆ.